ಬುರುಡೆಯೊಳಗಿನ ಜಾಗ, ಬುರುಡೆಯೊಳಗಿನ ದಾರಿ

ಕೇಳುಗರಿಗೆ ನಮಸ್ಕಾರ.

ತೊಗರಿ ರಾಶಿ ನಡೆದಿದ್ದ ದಿನಗಳಲ್ಲಿ ಒಂದು ರಾತ್ರಿ, ಚಿತ್ತಾಪುರದ ಕಡೆಯ ಹಳ್ಳಿಯಿಂದ ಇಪ್ಪತ್ತೆರಡರ ಹರೆಯದ ಹುಡುಗನೊಬ್ಬನನ್ನು ಕಲಬುರಗಿಗೆ ಹೊತ್ತು ತಂದರು. ಸಂಜೆ ಟ್ರ್ಯಾಕ್ಟರ್ ಟ್ರಾಲಿಯಿಂದ ಬಿದ್ದು ಅವನ ಕಿವಿಯ ಮೇಲುಭಾಗಕ್ಕೆ ಪೆಟ್ಟಾಗಿತ್ತು. "ಎದ್ದು ಕುಂತಾನ್ರಿ, ಚಾ ಕುಡದಾನ್ರಿ, ಛಲೋ ಮಾತಾಡ್ಯಾನ್ರಿ, ಆಮ್ಯಾಲ ನಿದ್ದಿ ಬರ್ತದ ಅಂತ ಮಲಗ್ಯಾನ್ರಿ" ಎಂದರು ಅವನ ಕಾಕಾ. ನಾನು ನೋಡುವ ಹೊತ್ತಿಗೆ ಅವನ ಒಂದು ಕಣ್ಣಿನ ಪಾಪೆ ಹಿಗ್ಗಿತ್ತು, ಕೂಗಿದರೆ ಓಗೊಡುತ್ತಿರಲಿಲ್ಲ. ಕಿವಿಯ ಮೇಲುಭಾಗದಲ್ಲಿ ಕಪಾಲದ ಎಲುಬು ತೆಳ್ಳಗಿರುತ್ತದೆ. ಅದರ ಒಳಮೈಯಲ್ಲಿ ಒಂದು ಅಪಧಮನಿ ಹರಿಯುತ್ತದೆ. ಎಲುಬು ಬಿರಿದಾಗ ಅದೂ ಹರಿದು, ಎಲುಬಿಗೂ ಮೆದುಳಿನ ಹೊರಪೊರೆಗೂ ನಡುವೆ ರಕ್ತ ಕೂಡುತ್ತ ಹೋಗುತ್ತದೆ. ಒಂದು ಮಿತಿಯವರೆಗೆ ಮನುಷ್ಯ ಚೆನ್ನಾಗಿಯೇ ಇರುತ್ತಾನೆ, ಚಹಾ ಕುಡಿಯುತ್ತಾನೆ.

ಆ ಮಿತಿ ಏಕೆ ಎಂಬುದನ್ನು ಸ್ಕಾಟ್ಲೆಂಡಿನ ಮನ್ರೋ ಮತ್ತು ಕೆಲೀ ಎಂಬ ವೈದ್ಯರು ಸುಮಾರು ಇನ್ನೂರು ವರ್ಷಗಳ ಹಿಂದೆಯೇ ಹೇಳಿದ್ದರು. ದೊಡ್ಡವರ ಬುರುಡೆ ಹಿಗ್ಗದ ಪೆಟ್ಟಿಗೆ. ಅದರಲ್ಲಿ ಸುಮಾರು 1,300ರಿಂದ 1,400 ಗ್ರಾಂ ತೂಕದ ಮೆದುಳು, ಅದನ್ನು ಸುತ್ತುವರಿದ ಸುಮಾರು 150 ಮಿಲಿಲೀಟರ್ ದ್ರವ, ಹೆಚ್ಚುಕಡಿಮೆ ಅಷ್ಟೇ ರಕ್ತ ಇರುತ್ತವೆ. ಹೊಸದೊಂದು ಒಳಗೆ ಬಂದರೆ ಮೊದಲಿದ್ದದ್ದು ಹೊರಗೆ ಹೋಗಬೇಕು. ಮೊದಲು ದ್ರವ ಕೆಳಗಿಳಿದು ಬೆನ್ನುಹುರಿಯ ಕಡೆ ಸರಿಯುತ್ತದೆ, ರಕ್ತನಾಳಗಳು ಬತ್ತುತ್ತವೆ. ಸರಿಯುವಷ್ಟು ಸರಿದ ಮೇಲೆ ಒಳಗಿನ ಒತ್ತಡ ಒಮ್ಮೆಲೇ ಏರುತ್ತದೆ. 15 ಮಿಲಿಮೀಟರ್ ಪಾದರಸದೊಳಗೆ ಇರಬೇಕಾದ ಒತ್ತಡ 22ನ್ನು ದಾಟಿದರೆ ಚಿಕಿತ್ಸೆ ಬೇಕೆಂಬುದು ಇಂದಿನ ನಿಯಮ. ಗ್ಲಾಸ್ಗೋ ನಗರದಲ್ಲಿ 1974ರಲ್ಲಿ ರೂಪುಗೊಂಡ ಪ್ರಜ್ಞೆಯ ಅಳತೆಗೋಲಿನಲ್ಲಿ 15 ಅಂಕವಿದ್ದವನು ಪೂರ್ಣ ಎಚ್ಚರದಲ್ಲಿದ್ದಾನೆ, 8 ಅಥವಾ ಅದಕ್ಕಿಂತ ಕಡಿಮೆಯಿದ್ದವನದು ತೀವ್ರ ಗಾಯ. ನಮ್ಮ ಹುಡುಗನದು 7 ಇತ್ತು.

ಸಿಟಿ ಸ್ಕ್ಯಾನಿನಲ್ಲಿ ಮಸೂರದ ಆಕಾರದ ಬಿಳಿ ಹೆಪ್ಪು ಕಂಡಿತು. ಅದನ್ನು ತೆಗೆಯಲು ಬುರುಡೆಗೆ ರಂಧ್ರ ಕೊರೆದೆವು. ಡ್ರಿಲ್ ಎಲುಬಿನ ಒಳಪದರ ದಾಟಿದೊಡನೆ ತಾನಾಗಿ ನಿಲ್ಲುತ್ತದೆ; ಆ ರಂಧ್ರದಿಂದ ಕಪ್ಪು ಹೆಪ್ಪು ಒತ್ತಿಕೊಂಡು ಹೊರಬಂತು. ಎಲುಬಿನ ತುಂಡನ್ನು ಎತ್ತಿ ಹೆಪ್ಪನ್ನೆಲ್ಲ ತೊಳೆದ ಮೇಲೆ, ತಗ್ಗಿಹೋಗಿ ಅಲುಗದೆ ನಿಂತಿದ್ದ ಹೊರಪೊರೆ ನಿಧಾನವಾಗಿ ಮೇಲೆದ್ದು ನಾಡಿಯೊಡನೆ ಮಿಡಿಯತೊಡಗಿತು. ಎಷ್ಟು ವರ್ಷ ನೋಡಿದರೂ ಆ ಮಿಡಿತ ಕಂಡಾಗಲೇ ನನ್ನ ಹೆಗಲು ಸಡಿಲವಾಗುವುದು. ರಕ್ತನಾಳವನ್ನು ಸುಟ್ಟು ಮುಚ್ಚಿ, ಎಲುಬನ್ನು ಅಲ್ಲೇ ಕೂಡಿಸಿದೆವು.

ಮೆದುಳೇ ಜಜ್ಜಿ ಊದಿಕೊಂಡಾಗ ಕೆಲಸ ಇಷ್ಟು ಸರಳವಲ್ಲ. ತಲೆಯನ್ನು ತುಸು ಎತ್ತರಿಸುವುದು, ನಿದ್ರೆಯ ಔಷಧಿ, ಊತ ಇಳಿಸುವ ಮ್ಯಾನಿಟಾಲ್ ಎಂಬ ಔಷಧಿ, ಮೆದುಳಿನೊಳಗೆ ದ್ರವ ತುಂಬಿರುವ ಟೊಳ್ಳಾದ ಕುಹರಕ್ಕೆ ತೆಳ್ಳನೆಯ ನಳಿಕೆ ಇಳಿಸಿ ದ್ರವ ಹರಿಸುವುದು, ಇವು ಮೊದಲು. ಬಂಧುಗಳು ಕೇಳುವ ಸ್ಟೆರಾಯ್ಡ್ ಇಂಜೆಕ್ಷನ್ ಗಡ್ಡೆಯ ಸುತ್ತಲಿನ ಊತಕ್ಕೆ ಒಳ್ಳೆಯದು, ಪೆಟ್ಟಿನ ಊತಕ್ಕೆ ಅಲ್ಲ. ಹತ್ತು ಸಾವಿರ ರೋಗಿಗಳ ಅಧ್ಯಯನವೊಂದು ಅದರಿಂದ ಸಾವು ಹೆಚ್ಚುತ್ತದೆಂದು 2004ರಲ್ಲೇ ತೋರಿಸಿದೆ. ಇವೆಲ್ಲಕ್ಕೂ ಒತ್ತಡ ಬಗ್ಗದಿದ್ದರೆ ಅಂಗೈಗಿಂತ ಅಗಲವಾದ, ಸುಮಾರು 12ರಿಂದ 15 ಸೆಂಟಿಮೀಟರಿನ ಎಲುಬಿನ ಹಲಗೆಯನ್ನೇ ತೆಗೆದು, ಪೊರೆಯನ್ನು ಬಿಚ್ಚಿ, ಮೆದುಳು ಉಬ್ಬಲು ಜಾಗ ಕೊಡುತ್ತೇವೆ. ತೆಗೆದ ಎಲುಬನ್ನು ಆಳ ಶೀತಲೀಕರಣದಲ್ಲಿಡಬಹುದು, ಇಲ್ಲವೇ ರೋಗಿಯ ಹೊಟ್ಟೆಯ ಚರ್ಮದ ಕೆಳಗೇ ಇಟ್ಟು, ಊತ ಇಳಿದ ಕೆಲವು ತಿಂಗಳಿಗೆ ಮರಳಿ ಕೂಡಿಸಬಹುದು. "ತಲಿ ಎಲುಬು ಹೊಟ್ಯಾಗ ಯಾಕ್ರೀ ಸಾಹೇಬ್ರ?" ಎಂದು ಕೇಳದ ತಾಯಿಯನ್ನು ನಾನು ಕಂಡಿಲ್ಲ.

ಆದರೆ ಅವರಿಗೆ ಹೇಳಲೇಬೇಕಾದ ಇನ್ನೊಂದು ಮಾತಿದೆ. 2016ರಲ್ಲಿ ಪ್ರಕಟವಾದ ಬಹುರಾಷ್ಟ್ರೀಯ ಅಧ್ಯಯನದಲ್ಲಿ, ಆರು ತಿಂಗಳ ಹೊತ್ತಿಗೆ ಈ ಶಸ್ತ್ರಚಿಕಿತ್ಸೆಯಾದವರಲ್ಲಿ ಸಾವು ಶೇಕಡಾ 26.9, ಔಷಧಿಯನ್ನಷ್ಟೇ ಪಡೆದವರಲ್ಲಿ 48.9 ಇತ್ತು, ಆದರೆ ಉಸಿರಿದ್ದೂ ಅರಿವಿಲ್ಲದೆ ಉಳಿದವರ ಪ್ರಮಾಣ 2.1ರಿಂದ 8.5ಕ್ಕೆ ಏರಿತ್ತು. ಈ ಎರಡನೆಯ ಅಂಕಿಯನ್ನು ಮರೆಮಾಚಿ ಸಹಿ ಪಡೆಯುವುದು ಸರಿಯಲ್ಲವೆಂದು ನನ್ನ ಅಭಿಪ್ರಾಯ.

ಪೆಟ್ಟಿನಲ್ಲಿ ಪ್ರಶ್ನೆ ಜಾಗದ್ದಾದರೆ, ಮೆದುಳಿನ ಆಳದಲ್ಲಿರುವ ಗಡ್ಡೆ, ಕೀವುಗುಳ್ಳೆ, ಕ್ಷಯದ ಗಂಟುಗಳಲ್ಲಿ ಪ್ರಶ್ನೆ ದಾರಿಯದು. ಹಾದಿಯಲ್ಲಿ ಮಾತಿನ, ಕೈಕಾಲಿನ, ದೃಷ್ಟಿಯ ತಂತುಗಳು ಇರುತ್ತವೆ. ಅವನ್ನು ಕಡಿದು ತಲುಪಿದರೆ ತಲುಪಿದ್ದು ವ್ಯರ್ಥ. ಇದಕ್ಕೆ ಕಂಡುಕೊಂಡ ಉಪಾಯವೇ ಸ್ಟೀರಿಯೊಟ್ಯಾಕ್ಸಿ: ತಲೆಗೆ ಲೋಹದ ಚೌಕಟ್ಟನ್ನು ಬಿಗಿದು, ಗುರಿಯನ್ನು ಉದ್ದ, ಅಗಲ, ಆಳವೆಂಬ ಮೂರು ಅಳತೆಗಳಲ್ಲಿ ಗೊತ್ತುಪಡಿಸಿ, ಸೂಜಿಯನ್ನು ಅಲ್ಲಿಗೇ ಇಳಿಸುವುದು. ಮನುಷ್ಯರಲ್ಲಿ ಇದನ್ನು 1947ರಲ್ಲಿ ಅಮೆರಿಕದ ಸ್ಪೀಗಲ್ ಮತ್ತು ವೈಸಿಸ್ ಆರಂಭಿಸಿದರು. ಬೆಂಗಳೂರಿನ ನಿಮ್ಹಾನ್ಸ್‌ನ ಸ್ಥಾಪಕ ನಿರ್ದೇಶಕರಾದ ಡಾ. ಆರ್. ಎಂ. ವರ್ಮಾ ಅವರು ಪಾರ್ಕಿನ್ಸನ್ ರೋಗಿಗಳಲ್ಲಿ ಬುರುಡೆಯ ತಳದ ಸಹಜ ರಂಧ್ರದ ಮೂಲಕವೇ ಆಳಕ್ಕೆ ಹೋಗುವ ವಿಧಾನವೊಂದನ್ನು ರೂಪಿಸಿದವರು. ಕುಹರಗಳೊಳಗಿನ ನೀರುಗುಳ್ಳೆಗಳಿಗೆ ಎಂಡೋಸ್ಕೋಪ್ ಎಂಬ, ಒಳಗನ್ನು ತೋರಿಸುವ ತೆಳ್ಳನೆಯ ಕೊಳವೆ ಇದೆ. ಚಿಕ್ಕ ಗಡ್ಡೆಗಳಿಗೆ, ಲೆಕ್ಸೆಲ್ 1960ರ ದಶಕದಲ್ಲಿ ಸ್ವೀಡನ್ನಿನಲ್ಲಿ ತಂದ ಗಾಮಾ ಕಿರಣಗಳ ಚಿಕಿತ್ಸೆ ಇದೆ, ಆದರೆ ಅದರ ಫಲ ಕಾಣಲು ತಿಂಗಳುಗಳೇ ಬೇಕು.

ಯಾದಗಿರಿ ಕಡೆಯ ಹದಿನೇಳರ ಹುಡುಗಿಯೊಬ್ಬಳು ಜ್ವರ, ತಲೆನೋವು, ವಾಂತಿಯಿಂದ ಬಂದಿದ್ದಳು. ಸಣ್ಣಂದಿನಿಂದ ಅವಳ ಕಿವಿ ಸೋರುತ್ತಿತ್ತು, ಮನೆಯವರು ಎಣ್ಣೆ ಬಿಡುತ್ತಿದ್ದರು. ಕಿವಿಯ ಸೋಂಕು ಎಲುಬನ್ನು ಕೊರೆದು ಕಿವಿಯ ಪಕ್ಕದ ಮೆದುಳಿನ ಭಾಗದ ಆಳದಲ್ಲಿ ಕೀವು ಕಟ್ಟಿತ್ತು. ಮೆದುಳಿಗೆ ನೋವಿನ ಅರಿವಿಲ್ಲ. ಚರ್ಮವನ್ನಷ್ಟೇ ಜೋಮುಗಟ್ಟಿಸಿ, ಅವಳನ್ನು ಎಚ್ಚರವಾಗಿಯೇ ಇರಿಸಿ ರಂಧ್ರ ಕೊರೆದಾಗ "ಗಿರಣಿ ಸಪ್ಪಳ ಬಂದಂಗ ಆಗ್ಲಿಕತ್ತದ್ರಿ" ಎಂದಳು. ಸೂಜಿಯಲ್ಲಿ ಇಪ್ಪತ್ತು ಮಿಲಿಲೀಟರಿನಷ್ಟು ದಪ್ಪ ಹಳದಿ ಕೀವು ಬಂತು, ವಾಸನೆ ಕೋಣೆಯೆಲ್ಲ ಹರಡಿತು. ಕೀವನ್ನು ಪರೀಕ್ಷೆಗೆ ಕಳಿಸಿ ತಕ್ಕ ಆ್ಯಂಟಿಬಯಾಟಿಕ್ಕನ್ನು ಆರು ವಾರ ಕೊಟ್ಟೆವು. ಎರಡನೆಯ ವಾರದಲ್ಲಿ ಮತ್ತೊಮ್ಮೆ ಸೂಜಿ ಹಾಕಬೇಕಾಯಿತು. ಆಮೇಲೆ ಕಿವಿಯ ವೈದ್ಯರು ಮೂಲವಾದ ಕೊಳೆತ ಎಲುಬನ್ನು ತೆಗೆದರು. ನಮ್ಮ ಕಡೆಯಿಂದ ಅವಳ ತಲೆಯ ಮೇಲೆ ಉಳಿದದ್ದು ಎರಡು ಹೊಲಿಗೆಯ ಗುರುತು, ಅದೂ ಕೂದಲು ಬೆಳೆದು ಮುಚ್ಚಿತು.

ನಮಸ್ಕಾರ.