ಸರ್ಜಾನದ ರೈಲು ನಿಲ್ದಾಣದಲ್ಲಿ

ಕೇಳುಗರೆಲ್ಲರಿಗೂ ನಮಸ್ಕಾರ. ಮುಸೊಲಿನಿ ಅಧಿಕಾರಕ್ಕೆ ಬಂದದ್ದು ಹೇಗೆ ಎಂದರೆ ಎಲ್ಲರೂ ಅವನ ಭಾಷಣಗಳ ಮಾತೆತ್ತುತ್ತಾರೆ. ಭಾಷಣ ಹಾಗಿರಲಿ, ಲಾರಿಗಳ ಕಥೆ ಕೇಳಿ.

1920-21ರಲ್ಲಿ ಇಟಲಿಯ ಪೋ ನದಿಯ ಬಯಲಿನಲ್ಲಿ, ಬೊಲೋನ್ಯ, ಫೆರಾರ ಸುತ್ತಿನ ಹಳ್ಳಿಗಳಿಗೆ ರಾತ್ರಿ ಹೊತ್ತು ಲಾರಿಗಳು ಬರುತ್ತಿದ್ದವು. ಕರಿಯಂಗಿಯ ಯುವಕರು, ಅಂದರೆ ಮುಸೊಲಿನಿಯ ಫ್ಯಾಸಿಸ್ಟ್ ಪಡೆಯವರು, ಇಳಿದು ಕೂಲಿಕಾರರ ಸಂಘದ ಕಚೇರಿಗೆ ಬೆಂಕಿ ಹಚ್ಚುವರು. ಮುಖಂಡನನ್ನು ಮನೆಯಿಂದ ಎಳೆದು ದೊಣ್ಣೆಯಲ್ಲಿ ಬಡಿದು, ಬಾಯಿಗೆ ಹರಳೆಣ್ಣೆ ಸುರಿಯುವರು. ಇದಕ್ಕೆ ಹಣ ಕೊಟ್ಟವರು ಮುಷ್ಕರಗಳಿಂದ ರೊಚ್ಚಿಗೆದ್ದಿದ್ದ ಜಮೀನ್ದಾರರು. ಪೊಲೀಸರು? ಬಹಳ ಕಡೆ ನೋಡುತ್ತ ನಿಂತರು. ನಾನು ಹೇಳಬೇಕಾದದ್ದು ಇದೊಂದೇ: ಕರಿಯಂಗಿಯವರು ಬಲಶಾಲಿಗಳೆಂದು ಗೆಲ್ಲಲಿಲ್ಲ, ತಡೆಯಬೇಕಾದವರು ತಡೆಯಲಿಲ್ಲ.

ಪುರಾವೆ ಬೇಕೆ? ವಾಯವ್ಯ ಇಟಲಿಯ ಸರ್ಜಾನಕ್ಕೆ ಬನ್ನಿ. ಎಲ್ಲಿ ಮಾತಾಡಿದರೂ ನಾನು ಈ ಊರಿನ ಹೆಸರು ಹೇಳದೆ ಬಿಡುವುದಿಲ್ಲ. 1921ರ ಜುಲೈ 21, ನಸುಕಿನ ಹೊತ್ತು. ಸುಮಾರು 500 ಮಂದಿ ಕರಿಯಂಗಿಯವರು ರೈಲು ನಿಲ್ದಾಣದ ಬಳಿ ಬಂದು ಸೇರಿದರು. ಅವರ ನಾಯಕ ರೆನಾತೊ ರಿಚ್ಚಿ ಆ ಊರಿನ ಜೈಲಿನಲ್ಲಿದ್ದ, ಅವನನ್ನು ಬಿಡಿಸಬೇಕಿತ್ತು. ಎದುರಿಗೆ ನಿಂತವನು ಕ್ಯಾಪ್ಟನ್ ಯುರ್ಗೆನ್ಸ್, ಜೊತೆಗೆ ಬೆರಳೆಣಿಕೆಯ ಪೊಲೀಸರು ಮತ್ತು ಸಿಪಾಯಿಗಳು. ದಾರಿ ಬಿಡು ಎಂದರು, ಅವನು ಬಿಡಲಿಲ್ಲ. ಗುಂಡು ಹಾರಿತು. ಪೊಲೀಸರೂ ಗುಂಡು ಹಾರಿಸಿದರು. ಅಷ್ಟೇ ನೋಡಿ! ಹಳ್ಳಿ ಹಳ್ಳಿಯನ್ನು ನಡುಗಿಸಿದ್ದ ಆ ಪಡೆ ದಿಕ್ಕಾಪಾಲಾಗಿ ಓಡಿತು. ಓಡಿದವರಲ್ಲಿ ಕೆಲವರನ್ನು ಹೊಲಗಳಲ್ಲಿ ಸಿಟ್ಟಿಗೆದ್ದ ಊರವರು ಕೊಂದರು, ಅದು ಘೋರವೇ. ಆದರೆ ಐನೂರು ಜನರನ್ನು ಚದುರಿಸಲು ಸೈನ್ಯವೇನೂ ಬೇಕಾಗಲಿಲ್ಲ. ಅಂದು ಆ ಗುಂಪನ್ನು ಕರೆತಂದವರಲ್ಲಿ ಒಬ್ಬ ಅಮೆರಿಗೊ ದೂಮಿನಿ. 1924ರಲ್ಲಿ ಸಮಾಜವಾದಿ ಸಂಸದ ಮತ್ತೆಯೊತ್ತಿಯನ್ನು ಅಪಹರಿಸಿ ಕೊಂದ ತಂಡದ ಮುಂದಾಳು ಇವನೇ.

ಸಮಯ ಓಡುತ್ತಿದೆ, ಬೇಗ ಹೇಳುತ್ತೇನೆ. 1922ರ ಅಕ್ಟೋಬರ್ 28ರಂದು ಕರಿಯಂಗಿಯವರು ರೋಮಿನತ್ತ ಹೊರಟಾಗ ಪ್ರಧಾನಿ ಫಾಕ್ತಾ ಸೇನಾಡಳಿತದ ಆಜ್ಞೆ ಸಿದ್ಧಪಡಿಸಿದ್ದರು. ರಾಜ ಸಹಿ ಹಾಕಲಿಲ್ಲ. ಮುಸೊಲಿನಿ ಮಿಲಾನಿನಿಂದ ರಾತ್ರಿ ರೈಲು ಹತ್ತಿ ಬಂದು ಪ್ರಧಾನಿಯಾದ. ಇಲ್ಲಿಯೂ ಅದೇ, ತಡೆಯಬೇಕಾದವರು ತಡೆಯಲಿಲ್ಲ.

ಜರ್ಮನಿಯಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ. 1933ರ ಫೆಬ್ರವರಿಯಲ್ಲಿ ಹಿಟ್ಲರನ ಮಂತ್ರಿ ಗೋರಿಂಗ್, ಜರ್ಮನಿಯ ಅತಿದೊಡ್ಡ ರಾಜ್ಯ ಪ್ರಷ್ಯಾದ ಬೀದಿಗಳಲ್ಲಿ ಹೊಡೆದಾಡುತ್ತಿದ್ದ ಕಂದು ಅಂಗಿಯವರ, ಅಂದರೆ ನಾಜಿ ಪಕ್ಷದ ಪಡೆಯವರ, ತೋಳಿಗೆ ಬಿಳಿ ಪಟ್ಟಿ ಕಟ್ಟಿಸಿ, ಅವರನ್ನೇ ಸಹಾಯಕ ಪೊಲೀಸರನ್ನಾಗಿ ಮಾಡಿದ. ನಮಸ್ಕಾರ.