ಕೈ ಮೊದಲೋ, ಮನಸ್ಸು ಮೊದಲೋ?

ಕೇಳುಗರಿಗೆ ನಮಸ್ಕಾರ.

ಬೆಂಗಳೂರಿನ ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದಲ್ಲಿ ರಾಮನವಮಿ ಕಚೇರಿ ಕೇಳಿದ್ದೀರಲ್ವಾ? ತನಿಯಾವರ್ತನ, ಅಂದರೆ ಮೃದಂಗದಂಥ ತಾಳವಾದ್ಯಗಳು ಮಾತ್ರ ನುಡಿಯುವ ಭಾಗ, ಶುರುವಾದರೆ ಸಾಕು, ಸಾಲು ಸಾಲು ಜನ ತೊಡೆಯ ಮೇಲೆ ತಾಳ ಹಾಕುತ್ತಾರೆ. ಅಷ್ಟೊಂದು ಕೈ, ಒಂದೇ ಪೆಟ್ಟು. ನನಗಂತೂ ಪ್ರತಿ ವರ್ಷವೂ ಬೆರಗು. ಯಾಕೆ ಗೊತ್ತಾ? ಸದ್ದು ಕೇಳಿಸಿಕೊಂಡು ಆಮೇಲೆ ಕೈ ಆಡಿಸಲು ಸೆಕೆಂಡಿನ ಹತ್ತನೇ ಒಂದು ಭಾಗಕ್ಕಿಂತ ಜಾಸ್ತಿ ಹೊತ್ತು ಬೇಕು. ಆ ಲೆಕ್ಕದಲ್ಲಿ ಎಲ್ಲರ ಕೈಯೂ ತಡವಾಗಿ ಬೀಳಬೇಕಿತ್ತು. ಬೀಳುವುದಿಲ್ಲ! ಒಂದೇ ಲಯದ ಸದ್ದಿಗೆ ಬೆರಳು ತಟ್ಟಿಸಿ ಅಳೆದು ನೋಡಿದ್ದಾರೆ. ಸಾಮಾನ್ಯವಾಗಿ ಬೆರಳು ಸದ್ದಿಗಿಂತ ಒಂದು ಕೂದಲೆಳೆ ಮೊದಲೇ ಬೀಳುತ್ತದೆ. ತಟ್ಟಿದವರಿಗೆ ಮಾತ್ರ ಎರಡೂ ಒಟ್ಟಿಗೇ ಆದಂತೆ ಅನಿಸುತ್ತದೆ. ಮುಂದಿನ ಪೆಟ್ಟು ಯಾವಾಗ ಎಂದು ಮಿದುಳು ಮೊದಲೇ ಲೆಕ್ಕ ಹಾಕಿ ಕೈಯನ್ನು ಕಳಿಸಿರುತ್ತದೆ.

ಹಾಗಾದರೆ ಕೈ ಆಡಿಸಿದ್ದು ಯಾರು? ನಾನೇ ತಾನೇ?

ಅಮೆರಿಕದ ಮಿದುಳು ವಿಜ್ಞಾನಿ ಬೆಂಜಮಿನ್ ಲಿಬೆಟ್ ಮತ್ತು ಜೊತೆಗಾರರು 1983ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಜನರ ತಲೆಗೆ ತಂತಿ ಅಂಟಿಸಿ, ಮನಸ್ಸು ಬಂದಾಗ ಕೈ ಆಡಿಸಿ ಎಂದರು. ಎದುರಿಗೆ 2.56 ಸೆಕೆಂಡಿಗೊಮ್ಮೆ ಗುಂಡಗೆ ಸುತ್ತುವ ಬೆಳಕಿನ ಚುಕ್ಕಿ. 'ಈಗ ಆಡಿಸೋಣ' ಅನಿಸಿದಾಗ ಚುಕ್ಕಿ ಎಲ್ಲಿತ್ತು, ಅದನ್ನು ಹೇಳಬೇಕು. ಹಾಗೆ ಅನಿಸಿದ್ದು ಕೈ ಆಡುವುದಕ್ಕೆ ಸುಮಾರು 200 ಮಿಲಿಸೆಕೆಂಡು ಮೊದಲು. ಮಿದುಳಿನ ತಯಾರಿಯ ಸುಳಿವು ಮಾತ್ರ ಸುಮಾರು 550 ಮಿಲಿಸೆಕೆಂಡು ಮೊದಲೇ ಕಂಡಿತ್ತು. ಮಿದುಳು ಹೊರಟ ಮೇಲೆ ಮನಸ್ಸಿಗೆ ಸುದ್ದಿ ಬಂದ ಹಾಗೆ.

ಇದನ್ನೇ ಹಿಡಿದು 'ಸ್ವಂತ ಇಚ್ಛೆ ಅನ್ನುವುದೇ ಸುಳ್ಳು' ಅಂದುಬಿಟ್ಟವರಿದ್ದಾರೆ. ನಾನು ಒಪ್ಪುವುದಿಲ್ಲ. ಲಿಬೆಟ್ ಕೂಡ ಅಷ್ಟು ದೂರ ಹೋಗಲಿಲ್ಲ. ಕೊನೇ ಗಳಿಗೆಯಲ್ಲಿ 'ಬೇಡ' ಅನ್ನುವ ಅವಕಾಶ ಮನಸ್ಸಿಗಿದೆ ಎಂದರು. 2012ರಲ್ಲಿ ಇನ್ನೊಬ್ಬ ಮಿದುಳು ವಿಜ್ಞಾನಿ ಆರನ್ ಶೂರ್ಗರ್ ಮತ್ತು ಜೊತೆಗಾರರು ಇನ್ನೊಂದು ದಾರಿ ತೋರಿಸಿದರು. ಮಿದುಳಿನ ಚಟುವಟಿಕೆ ಸುಮ್ನೆ ಏರಿಳಿಯುತ್ತಲೇ ಇರುತ್ತದೆ. ತುಂಬಿದ ಕೆರೆಯ ನೀರು ತುಳುಕಿ ಕೋಡಿ ದಾಟಿದ ಹಾಗೆ, ಒಂದು ಮಟ್ಟ ಮೀರಿದಾಗ ಕೈ ಆಡುತ್ತದೆ. ಮೊದಲು ಕಂಡ ಏರಿಕೆಯೇ ತೀರ್ಮಾನ ಅನ್ನಬೇಕಾಗಿಲ್ಲ.

ಬಸವನಗುಡಿಯಲ್ಲಿ ನಾನು ಆದಿತಾಳ ಕಲಿತ ದಿನ ನೆನಪಾಗುತ್ತದೆ. ಪೆಟ್ಟು, ಬೆರಳೆಣಿಕೆ, ಅಂಗೈ ಮೇಲೆ ತಿರುಗಿಸುವ ಹುಸಿ. ಒಂದೊಂದನ್ನೂ ಯೋಚಿಸಿಯೇ ಹಾಕುತ್ತಿದ್ದೆ, ಪ್ರತಿ ಸಲ ಹಿಂದೆ ಬೀಳುತ್ತಿದ್ದೆ. ಮೇಷ್ಟ್ರು ಬೈಯಲಿಲ್ಲ. ನನ್ನ ಕೈ ಹಿಡಿದು ತಮ್ಮ ಕೈ ಜೊತೆಗೇ ತಟ್ಟಿಸಿದರು, ತಿಂಗಳುಗಟ್ಟಲೆ. ಈಗ ಮೃದಂಗ ಒಂದು ಗಳಿಗೆ ನಿಂತು ಮೌನವಾದಾಗಲೂ ಆ ಪೆಟ್ಟು ಸರಿಯಾದ ಜಾಗದಲ್ಲೇ ಬೀಳುತ್ತದೆ. ಅದನ್ನು ನಾನು ಹಾಕಿದ್ದಲ್ಲ ಅಂತ ಹೇಗೆ ಹೇಳಲಿ?

ನಮಸ್ಕಾರ.