ಮನೆಯ ಲೆಕ್ಕ ಗೋಡೆಯ ಮೇಲಿರಲಿ

ಆತ್ಮೀಯ ಕೇಳುಗರಿಗೆ ನಮಸ್ಕಾರ.

ಬಿಡುವಿಲ್ಲದ ಹೆಣ್ಣುಮಕ್ಕಳು ತಮ್ಮ ದಿನಚರಿಯನ್ನು ಅಚ್ಚುಕಟ್ಟಾಗಿ ಇಟ್ಟುಕೊಳ್ಳುವುದು ಹೇಗೆ ಎಂದು ಕೇಳಿದರೆ, ಎಲ್ಲರ ಬಾಯಲ್ಲೂ ಮೊದಲು ಬರುವ ಸಲಹೆ ‘ಬೆಳಿಗ್ಗೆ ಒಂದು ಗಂಟೆ ಮುಂಚೆ ಏಳಿ’ ಎಂಬುದು. ಆ ಸಲಹೆಯನ್ನು ನಾನು ಕೊಡುವುದಿಲ್ಲ. ಪೀಣ್ಯದ ಗಾರ್ಮೆಂಟ್ಸ್ ಕಾರ್ಖಾನೆಗೆ ಹೊರಡುವ ಹೆಂಗಸಾಗಲಿ, ಡೇರಿಗೆ ಹಾಲು ಹಾಕಲು ನಸುಕಿನಲ್ಲೇ ಕೊಟ್ಟಿಗೆಗೆ ಹೋಗುವ ಮಂಡ್ಯದ ಕಡೆಯ ರೈತ ಮಹಿಳೆಯಾಗಲಿ, ಮಕ್ಕಳಿಗೆ ಊಟದ ಡಬ್ಬಿ ಕಟ್ಟಿಕೊಟ್ಟು ತಾನೂ ಬಸ್ಸು ಹಿಡಿಯಲು ಓಡುವ ಶಿಕ್ಷಕಿಯಾಗಲಿ, ಐದು ಗಂಟೆಗೆಲ್ಲ ಎದ್ದೇ ಇರುತ್ತಾರೆ. ವಯಸ್ಕರಿಗೆ ದಿನಕ್ಕೆ ಕನಿಷ್ಠ ಏಳು ಗಂಟೆಯ ನಿದ್ರೆ ಬೇಕೆಂದು ತಜ್ಞರು ಹೇಳುತ್ತಿರುವಾಗ, ರಾತ್ರಿ ಹನ್ನೊಂದಕ್ಕೆ ದಿಂಬಿಗೆ ತಲೆ ಕೊಡುವವಳನ್ನು ನಾಲ್ಕಕ್ಕೆ ಎಬ್ಬಿಸುವುದರಿಂದ ಮನೆ ಅಚ್ಚುಕಟ್ಟಾಗುವುದಿಲ್ಲ, ಆಕೆಯ ಆರೋಗ್ಯ ಮಾತ್ರ ಕೆಡುತ್ತದೆ.

ಕೇಂದ್ರ ಸರ್ಕಾರವು 2024ರಲ್ಲಿ ನಡೆಸಿದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಮನೆಯವರಿಗಾಗಿ ಸಂಬಳವಿಲ್ಲದೆ ಮಾಡುವ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ಅದಕ್ಕೆಂದು ದಿನಕ್ಕೆ ಸರಾಸರಿ 289 ನಿಮಿಷಗಳನ್ನು ಕಳೆಯುತ್ತಾರೆ. ಅದೇ ಕೆಲಸದಲ್ಲಿ ಕೈಜೋಡಿಸುವ ಗಂಡಸರು ಕಳೆಯುವುದು 88 ನಿಮಿಷ. ಆದರೆ ಇಲ್ಲಿ ಎಣಿಕೆಗೆ ಸಿಕ್ಕಿರುವುದು ಕೈ ಮಾಡುವ ಕೆಲಸ. ಅಡುಗೆ ಅನಿಲ ಯಾವಾಗ ಮುಗಿಯುತ್ತದೆ, ಶನಿವಾರ ಮಗನಿಗೆ ಬಿಳಿ ಸಮವಸ್ತ್ರ ಬೇಕಲ್ಲವೇ, ಅತ್ತೆಯವರ ಬಿ.ಪಿ. ಮಾತ್ರೆ ಇನ್ನೆಷ್ಟು ಉಳಿದಿವೆ, ನಾಳಿನ ತಿಂಡಿಗೆ ಕಾಳು ನೆನೆಹಾಕಿದೆನೇ ಎಂದು ಬಸ್ಸಿನಲ್ಲಿ ಕುಳಿತಾಗಲೂ, ಕಚೇರಿಯ ಕಡತ ನೋಡುವಾಗಲೂ ಒಳಗೊಳಗೇ ನಡೆಯುತ್ತಿರುವ ಲೆಕ್ಕಾಚಾರವನ್ನು ನಿಮಿಷಗಳಲ್ಲಿ ಅಳೆಯುವುದು ಕಷ್ಟ. ಸಂಜೆಯ ಹೊತ್ತಿಗೆ ಹೆಣ್ಣುಮಕ್ಕಳನ್ನು ಹಣ್ಣು ಮಾಡುವುದರಲ್ಲಿ ಕೆಲಸಕ್ಕೆಷ್ಟು ಪಾಲಿದೆಯೋ, ಕೆಲಸವನ್ನು ನೆನಪಿಟ್ಟುಕೊಳ್ಳುವುದಕ್ಕೂ ಅಷ್ಟೇ ಪಾಲಿದೆ ಎಂಬುದು ನನ್ನ ಅಭಿಪ್ರಾಯ.

ಇದಕ್ಕೆ ಮನೋವಿಜ್ಞಾನದ ಆಧಾರವೂ ಇದೆ. ಮನುಷ್ಯನು ಒಂದು ಹೊತ್ತಿನಲ್ಲಿ ಏಳರ ಆಸುಪಾಸಿನಷ್ಟು ಸಂಗತಿಗಳನ್ನು ಮಾತ್ರ ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳಬಲ್ಲ ಎಂದು ಅಮೆರಿಕದ ಜಾರ್ಜ್ ಮಿಲ್ಲರ್ 1956ರಲ್ಲಿ ಬರೆದರು. 2001ರಲ್ಲಿ ನೆಲ್ಸನ್ ಕೋವನ್ ಎಂಬ ವಿದ್ವಾಂಸರು ಅದನ್ನೂ ಇಳಿಸಿ, ನಾಲ್ಕರ ಆಸುಪಾಸು ಎಂದರು. ಒಂದು ಸಾಧಾರಣ ಸಂಸಾರದ ಸೋಮವಾರ ಬೆಳಿಗ್ಗೆಯೊಂದಕ್ಕೇ ನಾಲ್ಕು ಸಾಲುವುದಿಲ್ಲ. ಆದ್ದರಿಂದ ದಿನಚರಿಯನ್ನು ಹಗುರಗೊಳಿಸುವ ಅಭ್ಯಾಸಗಳೆಂದರೆ, ನೆನಪಿನಲ್ಲಿರುವುದನ್ನು ತೆಗೆದು ಮನೆಯವರೆಲ್ಲರ ಕಣ್ಣಿಗೆ ಬೀಳುವ ಜಾಗದಲ್ಲಿ ಇಡುವ ಅಭ್ಯಾಸಗಳು.

ಅಂಥ ಜಾಗ ನಮ್ಮ ಮನೆಗಳಲ್ಲಿ ಹಿಂದಿನಿಂದಲೂ ಇದೆ. ಅಡುಗೆಮನೆಯ ಬಾಗಿಲ ಪಕ್ಕದಲ್ಲಿ ತಿಥಿ, ನಕ್ಷತ್ರ, ರಾಹುಕಾಲಗಳನ್ನು ತೋರಿಸುವ ದೊಡ್ಡ ಅಕ್ಷರಗಳ ಗೋಡೆ ಕ್ಯಾಲೆಂಡರ್ ತೂಗಾಡುತ್ತಿರುತ್ತದೆ. ಏಕಾದಶಿ ಎಂದು, ಸಂಕಷ್ಟಿ ಎಂದು ಎಂಬುದಕ್ಕಷ್ಟೇ ಅದನ್ನು ನೋಡುವವರಿದ್ದಾರೆ. ಆದರೆ ನಮ್ಮ ಅಜ್ಜಿ, ಅಮ್ಮಂದಿರು ಹಾಲಿನವನು ಬಾರದ ದಿನಕ್ಕೆ ಸೊನ್ನೆ ಹಾಕಿ, ಹೆಚ್ಚು ಹಾಕಿಸಿಕೊಂಡ ದಿನಕ್ಕೆ ‘ಅರ್ಧ’ ಎಂದು ಬರೆದು, ತಿಂಗಳ ಕೊನೆಗೆ ಅದನ್ನೇ ನೋಡಿ ಲೆಕ್ಕ ಚುಕ್ತಾ ಮಾಡುತ್ತಿದ್ದರು. ಆ ಚೌಕಗಳನ್ನು ಇನ್ನೂ ಸ್ವಲ್ಪ ದುಡಿಸಿಕೊಳ್ಳಬಹುದು. ಹೊಸ ಸಿಲಿಂಡರ್ ಜೋಡಿಸಿದ ದಿನ ಅಲ್ಲಿ ಒಂದು ಗುರುತು ಹಾಕಿ. ಎರಡು ಮೂರು ಸಲ ಹಾಗೆ ಮಾಡಿದರೆ 14.2 ಕಿಲೋ ಅನಿಲ ನಿಮ್ಮ ಮನೆಗೆ ಎಷ್ಟು ದಿನ ಬರುತ್ತದೆ ಎಂಬುದು ತಾನಾಗಿ ತಿಳಿಯುತ್ತದೆ, ಮುಂದಿನದನ್ನು ಯಾವಾಗ ಬುಕ್ ಮಾಡಬೇಕೆಂಬ ಅಂದಾಜೂ ಸಿಗುತ್ತದೆ. ಪರೀಕ್ಷೆ, ಪೋಷಕರ ಸಭೆ, ಸ್ತ್ರೀಶಕ್ತಿ ಸಂಘದ ವಾರದ ಉಳಿತಾಯ, ಚೀಟಿಯ ಕಂತು, ವಿಮೆಯ ಕಂತು, ಎಲ್ಲವೂ ಆ ಚೌಕದಲ್ಲಿ ಎರಡು ಮೂರು ಪದಗಳಲ್ಲಿ ಇರಲಿ. ಪೆನ್ನನ್ನು ದಾರದಲ್ಲಿ ಕಟ್ಟಿ ಕ್ಯಾಲೆಂಡರಿನ ಮೊಳೆಗೇ ತೂಗುಹಾಕಿ. ಇದು ಚಿಕ್ಕ ವಿಷಯವೆನ್ನಿಸಬಹುದು. ಆದರೆ ಪೆನ್ನು ಹುಡುಕಬೇಕಾದ ಮನೆಯಲ್ಲಿ ಯಾರೂ ಬರೆಯುವುದಿಲ್ಲ.

ವರ್ಷಕ್ಕೊಮ್ಮೆಯೋ, ಹಲವು ವರ್ಷಕ್ಕೊಮ್ಮೆಯೋ ಬರುವ ದಿನಗಳು ಹೆಚ್ಚು ಅಪಾಯಕಾರಿ, ಏಕೆಂದರೆ ಅವು ರೂಢಿಗೆ ಬೀಳುವುದಿಲ್ಲ. ಮಗಳ ಹೆಸರಿನ ಸುಕನ್ಯಾ ಸಮೃದ್ಧಿ ಖಾತೆಗೆ ಪ್ರತಿ ಆರ್ಥಿಕ ವರ್ಷದಲ್ಲಿ ಕನಿಷ್ಠ 250 ರೂಪಾಯಿ ಕಟ್ಟದಿದ್ದರೆ, ಬಿಟ್ಟುಹೋದ ವರ್ಷಕ್ಕೆ 50 ರೂಪಾಯಿ ದಂಡ ಸೇರಿಸಿ ಕಟ್ಟುವವರೆಗೆ ಖಾತೆ ಊರ್ಜಿತವಾಗುವುದಿಲ್ಲ. ಒಲೆಯ ಸುರಕ್ಷಾ ಟ್ಯೂಬನ್ನು ಐದು ವರ್ಷಕ್ಕೊಮ್ಮೆ ಬದಲಾಯಿಸಬೇಕು. ಐದಾರು ವರ್ಷದ ಮಗುವಿಗೆ ಹಾಕಿಸಬೇಕಾದ ಲಸಿಕೆ ತಾಯಿ ಕಾರ್ಡಿನ ಕೊನೆಯ ಸಾಲುಗಳಲ್ಲಿರುವುದರಿಂದ ಎಷ್ಟೋ ಜನರಿಗೆ ಮರೆತೇ ಹೋಗಿರುತ್ತದೆ. ಜನವರಿಯಲ್ಲಿ ಹೊಸ ಕ್ಯಾಲೆಂಡರ್ ತಂದ ದಿನ, ಹಳೆಯದನ್ನು ರದ್ದಿಗೆ ಹಾಕುವ ಮೊದಲು ಪಕ್ಕದಲ್ಲಿಟ್ಟುಕೊಂಡು, ಇಂಥ ದಿನಗಳನ್ನೆಲ್ಲ ಹೊಸದಕ್ಕೆ ಇಳಿಸಿಕೊಳ್ಳುವುದು ಅರ್ಧ ಗಂಟೆಯ ಕೆಲಸ.

ಇನ್ನು ರಾತ್ರಿಯ ಮಾತು. ಬೆಳಗಿನ ಗಡಿಬಿಡಿಯಲ್ಲಿ ಬಹುಪಾಲು ಹಿಂದಿನ ರಾತ್ರಿಯಿಂದಲೇ ಬಂದಿರುತ್ತದೆ. ಊಟವಾದ ಮೇಲೆ, ಸಿಂಕಿನ ಪಾತ್ರೆ ಖಾಲಿಯಾದ ನಂತರ, ಹದಿನೈದು ನಿಮಿಷವನ್ನು ನಾಳೆಗೆಂದು ಮೀಸಲಿಡುವುದು ನಾಲ್ಕು ಗಂಟೆಗೆ ಏಳುವುದಕ್ಕಿಂತ ಎಷ್ಟೋ ಮೇಲು. ಹುರುಳಿಕಾಯಿಯ ನಾರು ತೆಗೆದು ಹೆಚ್ಚಿಡಬಹುದು, ಕ್ಯಾರೆಟ್, ಎಲೆಕೋಸುಗಳನ್ನೂ ಹೆಚ್ಚಿಡಬಹುದು. ಆಲೂಗಡ್ಡೆ, ಬದನೆಕಾಯಿಗಳು ಮಾತ್ರ ಕಪ್ಪಾಗುವುದರಿಂದ ಅವುಗಳನ್ನು ಬೆಳಿಗ್ಗೆಗೇ ಬಿಡಬೇಕು. ಸೊಪ್ಪನ್ನು ಬಿಡಿಸಿ, ತೊಳೆಯದೆ, ಒಣ ಬಟ್ಟೆಯಲ್ಲಿ ಸುತ್ತಿ ಫ್ರಿಜ್ಜಿನಲ್ಲಿಟ್ಟರೆ ಬೇಗ ಕೊಳೆಯುವುದಿಲ್ಲ. ಮಕ್ಕಳ ಚೀಲ, ಗುರುತಿನ ಚೀಟಿ, ನಿಮ್ಮ ಕೈಚೀಲ, ಗಾಡಿಯ ಬೀಗದ ಕೈ ಇವೆಲ್ಲ ಬಾಗಿಲ ಬಳಿಯ ಒಂದೇ ಜಾಗದಲ್ಲಿರಲಿ. ಬಸ್ ಪ್ರಯಾಣ ಉಚಿತವಾಗಿದ್ದರೂ ಕಂಡಕ್ಟರಿಗೆ ತೋರಿಸಲು ಆಧಾರ್‌ನಂಥ ಗುರುತಿನ ಚೀಟಿ ಬೇಕಾಗುತ್ತದೆ. ಅದನ್ನು ನಿನ್ನೆಯ ಚೀಲದಲ್ಲೇ ಬಿಟ್ಟು ಬಂದು ನಿಲ್ದಾಣದಲ್ಲಿ ಪೇಚಾಡುವ ಹೆಣ್ಣುಮಕ್ಕಳನ್ನು ನಾವು ನೋಡುತ್ತಲೇ ಇರುತ್ತೇವೆ.

‘ಇವತ್ತೇನು ತಿಂಡಿ?’ ಎಂಬ ಪ್ರಶ್ನೆಗೆ ದಿನವೂ ಹೊಸದಾಗಿ ಉತ್ತರ ಹುಡುಕುವುದು, ತಿಂಡಿ ಮಾಡುವುದಕ್ಕಿಂತ ದೊಡ್ಡ ಶ್ರಮ. ವಾರದ ತಿಂಡಿಗೆ ಒಂದು ಸರದಿ ಹಾಕಿಕೊಂಡರೆ ಆ ಪ್ರಶ್ನೆಯೇ ಇರುವುದಿಲ್ಲ. ನಮ್ಮ ಅಡುಗೆಮನೆಯಲ್ಲಿ ಇಂಥ ಸರದಿಗೆ ಹೇಳಿ ಮಾಡಿಸಿದಂತಿರುವುದು ಇಡ್ಲಿ ಹಿಟ್ಟು. ಶನಿವಾರ ಅರ್ಧ ದಿನದ ಶಾಲೆ ಮುಗಿಯುವ ಹೊತ್ತಿಗೆ ಅಕ್ಕಿ, ಉದ್ದಿನಬೇಳೆಗಳನ್ನು ಬೇರೆ ಬೇರೆಯಾಗಿ ನೆನೆಹಾಕಿ, ನಾಲ್ಕೈದು ಗಂಟೆ ಬಿಟ್ಟು ಸಂಜೆ ರುಬ್ಬಿದರೆ, ಬೇಸಿಗೆಯಲ್ಲಿ ಬೆಳಗಾಗುವುದರೊಳಗೆ ಹಿಟ್ಟು ಪಾತ್ರೆಯ ಅಂಚಿಗೆ ಬಂದಿರುತ್ತದೆ. ಡಿಸೆಂಬರಿನ ಚಳಿಯಲ್ಲಿ ಅದು ಬೇಗ ಉಬ್ಬುವುದಿಲ್ಲವಾದ್ದರಿಂದ, ಆಗ ಮಧ್ಯಾಹ್ನಕ್ಕೇ ರುಬ್ಬಿ ಒಲೆಯ ಪಕ್ಕದಲ್ಲಿ ಬೆಚ್ಚಗೆ ಇಡುವುದು ಒಳ್ಳೆಯದು. ಭಾನುವಾರ ಹೊಸ ಹಿಟ್ಟಿನ ಇಡ್ಲಿ. ಉಳಿದದ್ದನ್ನು ಉಬ್ಬಿದ ಕೂಡಲೇ ಎರಡು ಡಬ್ಬಿಗಳಿಗೆ ಹಾಕಿ ಫ್ರಿಜ್ಜಿನಲ್ಲಿಟ್ಟರೆ, ಒಂದು ಡಬ್ಬಿ ಸೋಮವಾರದ ದೋಸೆಗೆ. ಇನ್ನೊಂದನ್ನು ಅಲ್ಲಿಯವರೆಗೆ ಮುಟ್ಟದೆ ಮಂಗಳವಾರ ತೆಗೆದು, ಸ್ವಲ್ಪ ಹುಳಿಯೇರಿದ ಆ ಹಿಟ್ಟಿಗೆ ಈರುಳ್ಳಿ, ಹಸಿಮೆಣಸಿನಕಾಯಿ, ಕರಿಬೇವು ಹಾಕಿ ಪಡ್ಡು ಮಾಡಿದರೆ, ಮೂರು ದಿನದ ತಿಂಡಿ ಒಂದೇ ಸಲದ ರುಬ್ಬಿನಲ್ಲಿ ಮುಗಿಯಿತು. ಬುಧವಾರ ಉಪ್ಪಿಟ್ಟು, ಗುರುವಾರ ಅವಲಕ್ಕಿ, ಶುಕ್ರವಾರ ಚಿತ್ರಾನ್ನ, ಶನಿವಾರ ರೊಟ್ಟಿ ಎಂದು ನಿಮ್ಮ ಕಡೆಯ ರೂಢಿಗೆ ತಕ್ಕಂತೆ ಗೊತ್ತುಮಾಡಿಕೊಳ್ಳಿ. ಮನೆಯವರು ‘ದಿನವೂ ಅದೇ’ ಎಂದು ಗೊಣಗಿದರೆ ಗೊಣಗಲಿ. ಬದಲಾವಣೆ ಬೇಕೆಂದವರು ಒಂದು ದಿನವನ್ನು ತಾವೇ ವಹಿಸಿಕೊಳ್ಳಬಹುದು.

ಕಾಗದಪತ್ರಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪಡಿತರ ಚೀಟಿ, ಪಾಸ್‌ಬುಕ್, ವಿಮಾ ಪತ್ರ, ಮಕ್ಕಳ ಜನನ ಪ್ರಮಾಣಪತ್ರಗಳಿಗೆ ಒಂದೇ ಕಡತವಿರಲಿ, ಅದು ಎಲ್ಲಿದೆ ಎಂಬುದು ಮನೆಯ ಇನ್ನೊಬ್ಬರಿಗಾದರೂ ಗೊತ್ತಿರಲಿ. ಕೈಗೆ ಬಂದ ಬಿಲ್ಲನ್ನು ಫ್ರಿಜ್ಜಿನ ಮೇಲಿಡುವ ಅಭ್ಯಾಸವಿದ್ದರೆ ಬಿಟ್ಟುಬಿಡಿ. ಒಂದೋ ಆಗಲೇ ಕಟ್ಟಬೇಕು, ಇಲ್ಲವೇ ಕೊನೆಯ ದಿನಾಂಕವನ್ನು ಕ್ಯಾಲೆಂಡರಿಗೆ ಬರೆದು ಕಡತಕ್ಕೆ ಸೇರಿಸಬೇಕು.

ಫೋನು ಸಹಾಯಕ್ಕೆಂದು ಬಂದದ್ದು, ಆದರೆ ಶಾಲೆಯ ಗುಂಪು, ಕಚೇರಿಯ ಗುಂಪು, ನೆಂಟರ ಗುಂಪು, ಬೀದಿಯವರ ಗುಂಪು ಎಂದು ಅದರಲ್ಲಿ ದಿನವಿಡೀ ಬಂದು ಬೀಳುವ ಸಂದೇಶಗಳ ನಡುವೆ ‘ನಾಳೆ ಹಸಿರು ಬಣ್ಣದ ಕಾಗದ ತನ್ನಿ’ ಎಂಬ ಒಂದು ಸಾಲು ಕಳೆದುಹೋಗುತ್ತದೆ. ಶಾಲೆಯ ಗುಂಪಿನ ಸದ್ದು ಒಂದನ್ನು ಉಳಿಸಿ, ಉಳಿದವುಗಳ ಸದ್ದನ್ನು ಅಡಗಿಸಿ, ಮಧ್ಯಾಹ್ನ ಊಟದ ಹೊತ್ತಿನಲ್ಲೊಮ್ಮೆ, ರಾತ್ರಿಯ ತಯಾರಿಗೆ ಮುಂಚೆ ಒಮ್ಮೆ ನೋಡಿದರೆ ಸಾಕು. ಬೆಳಗಿನ ಶುಭಾಶಯಕ್ಕೆ ಮರುಶುಭಾಶಯ ಹೇಳದಿದ್ದರೆ ಯಾವ ಸಂಬಂಧವೂ ಕಡಿದುಹೋಗುವುದಿಲ್ಲ.

ಎಲ್ಲ ವ್ಯವಸ್ಥೆಯೂ ತಲೆಕೆಳಗಾಗುವ ದಿನಗಳು ಬಂದೇ ಬರುತ್ತವೆ. ಮಗುವಿಗೆ ಜ್ವರ, ಗೌರಿ-ಗಣೇಶ ಹಬ್ಬದ ಹಿಂದಿನ ದಿನ, ಇದ್ದಕ್ಕಿದ್ದಂತೆ ಊರಿನಿಂದ ಬಂದಿಳಿದ ಬಂಧುಗಳು. ಅಂಥ ವಾರದಲ್ಲಿ ಕ್ಯಾಲೆಂಡರಿಗೆ ಬರೆಯುವುದನ್ನೊಂದು, ಬಾಗಿಲ ಬಳಿಯ ಜಾಗವನ್ನೊಂದು ಬಿಡದೆ ಉಳಿಸಿಕೊಳ್ಳಿ. ಮಡಿಚದ ಬಟ್ಟೆ ಕುರ್ಚಿಯ ಮೇಲೆ ನಾಲ್ಕು ದಿನ ಇದ್ದರೆ ನಷ್ಟವಿಲ್ಲ.

ಇಷ್ಟೆಲ್ಲ ಮಾಡಿದ ಮೇಲೂ, ಬರೆಯುವವಳೂ ನೀವೇ, ಓದುವವಳೂ ನೀವೇ, ಮಾಡುವವಳೂ ನೀವೇ ಆದರೆ ಗೋಡೆಯ ಮೇಲಿನ ಲೆಕ್ಕದಿಂದ ಅರ್ಧ ಪ್ರಯೋಜನ ಮಾತ್ರ. ಮನೆಯವರನ್ನು ‘ಸ್ವಲ್ಪ ಸಹಾಯ ಮಾಡಿ’ ಎಂದು ಕೇಳಿದಾಗ, ಏನು ಮಾಡಬೇಕೆಂದು ನೆನಪಿಸುವ ಕೆಲಸ ನಿಮ್ಮಲ್ಲೇ ಉಳಿಯುತ್ತದೆ. ಅದರ ಬದಲು ಒಂದು ಕೆಲಸವನ್ನು ಮೊದಲಿನಿಂದ ಕೊನೆಯವರೆಗೆ ಒಬ್ಬರಿಗೆ ಒಪ್ಪಿಸಿಬಿಡಿ. ಹತ್ತು ವರ್ಷದ ಮಗಳು ತನ್ನ ನೀರಿನ ಬಾಟಲಿ ತುಂಬಿಕೊಳ್ಳುವುದು, ಹಸಿ ಕಸ, ಒಣ ಕಸವನ್ನು ಬೇರೆ ಮಾಡಿ ಗಾಡಿ ಬಂದಾಗ ಕೊಡುವುದು ಮಗನ ಪಾಲು, ಹೀಗೆ. ಸಿಲಿಂಡರಿನ ಜವಾಬ್ದಾರಿ ಗಂಡನದಾದರೆ, ಕ್ಯಾಲೆಂಡರ್ ನೋಡುವುದು, ಬುಕ್ ಮಾಡುವುದು, ತಂದವರಿಗೆ ಹಣ ಕೊಡುವುದು, ಹೊಸದನ್ನು ಜೋಡಿಸಿದ ದಿನದ ಗುರುತು ಹಾಕುವುದು ಎಲ್ಲವೂ ಅವರದೇ. ಮೊದಲ ಸಲ ಅವರು ಮರೆಯಬಹುದು, ಬೆಳಿಗ್ಗೆ ಏಳು ಗಂಟೆಗೆ ಒಲೆ ಆರಬಹುದು. ಆಗ ‘ನಾನೇ ಮಾಡಿಕೊಳ್ಳುತ್ತೇನೆ ಬಿಡಿ’ ಎಂದು ಆ ಕೆಲಸವನ್ನು ವಾಪಸು ಕಿತ್ತುಕೊಳ್ಳಬೇಡಿ. ಅಂದು ಎಲ್ಲರೂ ಮೊಸರವಲಕ್ಕಿ ತಿಂದು ಹೊರಡಲಿ, ಸಿಲಿಂಡರ್ ತರುವ ಏರ್ಪಾಡನ್ನು ಅವರೇ ಮಾಡಲಿ.

ನಮಸ್ಕಾರ.